ಕ್ಯಾಂಪ್‌ಬೆಲ್‌ಟೌನಿಗೆ ಹೋಗುವವರಿಗೆ: ಗ್ಲೆನ್‌ಗೈಲ್ ಡಿಸ್ಟಿಲರಿ ಮತ್ತು ಅದರ ಎಳೆಯ ಹೊಗೆವಿಸ್ಕಿ

ವಿಸ್ಕಿಯ ಮೇಲಿನ ಆಸಕ್ತಿಯಿಂದ ಸ್ಕಾಟ್ಲೆಂಡಿಗೆ ಹೊರಡುವ ನಮ್ಮ ಕಡೆಯವರು ಸಾಮಾನ್ಯವಾಗಿ ಸ್ಪೇ ನದಿಯ ಕಣಿವೆಯನ್ನೋ ಐಲಾ ದ್ವೀಪವನ್ನೋ ಆರಿಸಿಕೊಳ್ಳುತ್ತಾರೆ. ಕಿನ್‌ಟೈರ್ ಪರ್ಯಾಯದ್ವೀಪದ ದಕ್ಷಿಣದ ಕೊನೆಯಲ್ಲಿರುವ ಕ್ಯಾಂಪ್‌ಬೆಲ್‌ಟೌನ್ ಯಾವ ಊರಿಗೂ ಹೋಗುವ ದಾರಿಯಲ್ಲಿ ಸಿಗುವಂಥದ್ದಲ್ಲ. ಅದಕ್ಕೆಂದೇ ಹೊರಟವರು ಮಾತ್ರ ಅಲ್ಲಿಗೆ ಮುಟ್ಟುತ್ತಾರೆ. ನಾನು ಹೊರಟದ್ದು ಆ ಊರಿನ ಗ್ಲೆನ್‌ಗೈಲ್ ಡಿಸ್ಟಿಲರಿಯನ್ನು ನೋಡಲು ಮತ್ತು ಅಲ್ಲಿ ತಯಾರಾಗುವ ‘ಕಿಲ್‌ಕೆರನ್ ಹೆವಿಲಿ ಪೀಟೆಡ್’ ಎಂಬ ಸಿಂಗಲ್ ಮಾಲ್ಟನ್ನು, ಎಂದರೆ ಒಂದೇ ಡಿಸ್ಟಿಲರಿಯಲ್ಲಿ ಮಾಲ್ಟಿನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ) ಮಾತ್ರ ತಯಾರಿಸಿದ ವಿಸ್ಕಿಯನ್ನು, ಅದು ಹುಟ್ಟಿದ ಜಾಗದಲ್ಲೇ ಸವಿಯಲು. ಸುಮಾರು ಎಂಬತ್ತು ವರ್ಷ ಬಾಗಿಲು ಮುಚ್ಚಿದ್ದ ಡಿಸ್ಟಿಲರಿಯೊಂದು ಮತ್ತೆ ಒಲೆ ಹಚ್ಚಿ ತಯಾರಿಸುತ್ತಿರುವ ಎಳೆಯ ವಿಸ್ಕಿ ಇದು. ‘ಪೀಟೆಡ್’ ಎಂದರೆ ಪೀಟ್ ಎಂಬ ಜೌಗುನೆಲದ ಉರುವಲಿನ ಹೊಗೆ ಹಿಡಿಸಿದ್ದು. ಇದೇ ಪ್ರಯಾಣವನ್ನು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು ದಾರಿ, ವಸತಿ, ಕಾಯ್ದಿರಿಸುವಿಕೆ, ಕೊಳ್ಳುವುದು, ತರುವುದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಮೊದಲೇ ಹೇಳಬೇಕಾದ ಮಾತೆಂದರೆ, ಈ ಊರಿಗೆ ಕನಿಷ್ಠ ಎರಡು ರಾತ್ರಿ ಕೊಡಿ. ಗ್ಲಾಸ್ಗೋದಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವ ಯೋಜನೆಯಿದ್ದರೆ ದಯವಿಟ್ಟು ಕೈಬಿಡಿ.

ಹೊರಡುವ ಮುನ್ನ ಮನೆಯಲ್ಲೇ ಮಾಡಬಹುದಾದ ಒಂದು ಸಿದ್ಧತೆಯಿದೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ‘ಅಮೃತ್ ಪೀಟೆಡ್’ ವಿಸ್ಕಿಯನ್ನು ಗಮನವಿಟ್ಟು ಒಮ್ಮೆ ಸವಿದು ಹೋಗಿ. ಅದಕ್ಕೆ ಬಳಸುವ ಹೊಗೆಯಾಡಿಸಿದ ಬಾರ್ಲಿ ಸ್ಕಾಟ್ಲೆಂಡಿನಿಂದಲೇ ಬರುತ್ತದೆ. ಆದರೆ ಅದು ಪೀಪಾಯಿಯಲ್ಲಿ ಮಾಗುವುದು ನಮ್ಮ ಹವೆಯಲ್ಲಿ. ಸ್ಕಾಟ್ಲೆಂಡಿನ ಉಗ್ರಾಣದಲ್ಲಿ ಪೀಪಾಯಿಯಿಂದ ಆವಿಯಾಗಿ ಹೋಗುವ ಅಂಶ ವರ್ಷಕ್ಕೆ ಸುಮಾರು ಶೇಕಡ 2 ಆದರೆ ಬೆಂಗಳೂರಿನಲ್ಲಿ ಅದು ಶೇಕಡ 10ನ್ನು ಮೀರುತ್ತದೆ. ಸೆಕೆಯಲ್ಲಿ ಮದ್ಯವು ಓಕ್ ಮರದೊಳಗೆ ಹೊಕ್ಕು ಹೊರಬರುವ ವೇಗವೂ ಹೆಚ್ಚು. ಆದ್ದರಿಂದ ಇಲ್ಲಿ ನಾಲ್ಕೈದು ವರ್ಷದ ವಿಸ್ಕಿಗೆ ಬರುವ ಮರದ ಬಣ್ಣ ಮತ್ತು ಸಿಹಿ ಅಲ್ಲಿ ಅಷ್ಟೇ ವಯಸ್ಸಿನ ವಿಸ್ಕಿಗೆ ಬಂದಿರುವುದಿಲ್ಲ. ಅಮೃತ್‌ನ ರುಚಿ ನಾಲಿಗೆಯಲ್ಲಿ ನೆನಪಿದ್ದರೆ, ಕ್ಯಾಂಪ್‌ಬೆಲ್‌ಟೌನಿನಲ್ಲಿ ಎಳೆಯ ವಿಸ್ಕಿ ಎಂದಾಗ ನಿಜವಾಗಿ ಏನನ್ನು ಹೇಳುತ್ತಾರೆ ಎಂಬುದು ಮೊದಲ ಗುಟುಕಿಗೇ ಅರ್ಥವಾಗುತ್ತದೆ. ಅಮೃತ್ ತನ್ನ ಸಿಂಗಲ್ ಮಾಲ್ಟನ್ನು ಮೊಟ್ಟಮೊದಲು ಮಾರುಕಟ್ಟೆಗೆ ತಂದದ್ದು 2004ರಲ್ಲಿ, ಗ್ಲಾಸ್ಗೋ ನಗರದಲ್ಲಿ. ಗ್ಲೆನ್‌ಗೈಲ್ ಮತ್ತೆ ಬಟ್ಟಿ ಇಳಿಸಲು ಆರಂಭಿಸಿದ್ದೂ ಅದೇ ವರ್ಷ. ಇದು ಕಾಕತಾಳೀಯವೇ ಆದರೂ ಕನ್ನಡಿಗನಾದ ನನಗೆ ಈ ಎರಡನ್ನೂ ಜೊತೆಯಲ್ಲಿಟ್ಟು ನೋಡುವ ಮನಸ್ಸಾಗುತ್ತದೆ.

ಬೆಂಗಳೂರಿನಿಂದ ದುಬೈ ಮಾರ್ಗವಾಗಿ ನೇರವಾಗಿ ಗ್ಲಾಸ್ಗೋಗೆ ಇಳಿಯಬಹುದು. ಲಂಡನ್ನಿಗೆ ನೇರ ವಿಮಾನದಲ್ಲಿ ಹೋಗಿ ಅಲ್ಲಿಂದ ರೈಲಿನಲ್ಲಿಯೋ ವಿಮಾನದಲ್ಲಿಯೋ ಬರುವುದು ಇನ್ನೊಂದು ದಾರಿ. ಬ್ರಿಟನ್ನಿನ ಸಂದರ್ಶಕ ವೀಸಾ ಸ್ಕಾಟ್ಲೆಂಡಿಗೂ ಸಾಕು, ಪ್ರತ್ಯೇಕ ಪರವಾನಗಿ ಏನೂ ಬೇಕಿಲ್ಲ. ಗ್ಲಾಸ್ಗೋದಿಂದ ಕ್ಯಾಂಪ್‌ಬೆಲ್‌ಟೌನಿಗೆ ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್. ನಕ್ಷೆಯಲ್ಲಿ ನೋಡಿದರೆ ಎರಡು ಊರುಗಳ ನಡುವಿನ ನೇರ ಅಂತರ ಅದರ ಅರ್ಧದಷ್ಟೂ ಇಲ್ಲ. ಆದರೆ ನಡುವೆ ಸಮುದ್ರದ ಚಾಚುಗಳಿರುವುದರಿಂದ ರಸ್ತೆ ಉತ್ತರಕ್ಕೆ ಹೋಗಿ, ಪಶ್ಚಿಮಕ್ಕೆ ತಿರುಗಿ, ಮತ್ತೆ ದಕ್ಷಿಣಕ್ಕೆ ಇಳಿಯಬೇಕು. ಲೋಮಂಡ್ ಸರೋವರದ ದಡದ ಎ82 ರಸ್ತೆಯಲ್ಲಿ ಟಾರ್ಬೆಟ್‌ವರೆಗೆ ಹೋಗಿ, ಅಲ್ಲಿ ಎ83 ಹಿಡಿದು, ಅರೋಕರ್, ಇನ್‌ವರಾರಿ, ಲೋಕ್‌ಗಿಲ್ಪ್‌ಹೆಡ್ ದಾಟಿ ಟಾರ್ಬರ್ಟ್ ಎಂಬ ಇನ್ನೊಂದು ಊರನ್ನು ಮುಟ್ಟಿದ ಮೇಲೆ ಕಿನ್‌ಟೈರ್ ಆರಂಭವಾಗುತ್ತದೆ. ಟಾರ್ಬೆಟ್, ಟಾರ್ಬರ್ಟ್ ಎರಡೂ ಬೇರೆ ಬೇರೆ ಊರುಗಳು. ಫೋನಿನ ನಕ್ಷೆಯಲ್ಲಿ ಹೆಸರನ್ನು ಹಾಕುವಾಗ ಎಚ್ಚರ ಬೇಕು.

ಈ ದಾರಿಯಲ್ಲಿ ‘ರೆಸ್ಟ್ ಆ್ಯಂಡ್ ಬಿ ಥ್ಯಾಂಕ್‌ಫುಲ್’ ಎಂಬ ಘಟ್ಟವಿದೆ. ನಮ್ಮ ಶಿರಾಡಿಯಲ್ಲಿ ಆಗುವಂತೆಯೇ ಅಲ್ಲಿಯೂ ಜೋರು ಮಳೆಗೆ ಗುಡ್ಡ ಜರಿದು ರಸ್ತೆ ಮುಚ್ಚುವುದುಂಟು. ಆಗ ವಾಹನಗಳನ್ನು ಕೆಳಗಿನ ಹಳೆಯ ಮಿಲಿಟರಿ ರಸ್ತೆಯಲ್ಲಿ ಸರದಿಯಂತೆ ಬಿಡುತ್ತಾರೆ. ಹೊರಡುವ ದಿನ ಬೆಳಿಗ್ಗೆ ರಸ್ತೆಯ ಸ್ಥಿತಿಯನ್ನು ವಿಚಾರಿಸಿಕೊಂಡೇ ಹೊರಡಬೇಕು, ಮತ್ತು ಡಿಸ್ಟಿಲರಿಯ ಭೇಟಿಯನ್ನು ಮುಟ್ಟಿದ ದಿನವೇ ಇಟ್ಟುಕೊಳ್ಳದೆ ಮರುದಿನಕ್ಕೆ ಇಟ್ಟುಕೊಳ್ಳಬೇಕು. ಗ್ಲಾಸ್ಗೋದಲ್ಲಿ ನೆಲೆಸಿರುವ ನನ್ನ ಭಾವನವರೇ ಕಾರು ಓಡಿಸಿದ್ದರಿಂದ ನನಗೆ ಕಿಟಕಿಯ ಹೊರಗೆ ನೋಡುತ್ತ ಕೂರುವ ಅವಕಾಶ ಸಿಕ್ಕಿತು. ಟಾರ್ಬರ್ಟ್ ದಾಟಿದ ಮೇಲೆ ರಸ್ತೆ ಪಶ್ಚಿಮದ ಕಡಲಿನ ಅಂಚಿಗೆ ಬರುತ್ತದೆ. ಹವೆ ತಿಳಿಯಾಗಿದ್ದರೆ ಗೀಗಾ ದ್ವೀಪ ಹತ್ತಿರದಲ್ಲಿಯೂ, ಅದರ ಹಿಂದೆ ಐಲಾ ಮತ್ತು ಜೂರಾ ದ್ವೀಪಗಳೂ ಕಾಣುತ್ತವೆ. ಕಾರಿಲ್ಲದವರು ಗ್ಲಾಸ್ಗೋದ ಬ್ಯೂಕ್ಯಾನನ್ ಬಸ್ ನಿಲ್ದಾಣದಿಂದ ಹೊರಡುವ 926ನೆಯ ಸಂಖ್ಯೆಯ ಬಸ್ಸನ್ನು ಹಿಡಿಯಬಹುದು. ಅದು ನಾಲ್ಕು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆದರೆ ವಿಸ್ಕಿ ಕುಡಿಯುವ ಪ್ರವಾಸಕ್ಕೆ ನಾನು ಹೆಚ್ಚು ಒಪ್ಪುವುದು ಅದನ್ನೇ. ಗ್ಲಾಸ್ಗೋದಿಂದ ಲೋಗನ್‌ಏರ್ ಸಂಸ್ಥೆಯ ಪುಟ್ಟ ವಿಮಾನವೂ ಇದೆ. ಸಮಯ ಉಳಿಯುತ್ತದೆ, ದಾರಿಯ ಚೆಲುವು ಮಾತ್ರ ತಪ್ಪಿಹೋಗುತ್ತದೆ. ಬೇಸಿಗೆಯಲ್ಲಿ ಏರ್‌ಶೈರ್ ಕರಾವಳಿಯಿಂದ ನಡೆಯುವ ಹಡಗನ್ನು ಮಾತ್ರ ನಂಬಿ ಯೋಜನೆ ಹಾಕಬೇಡಿ, ಗಾಳಿಗೆ ಅದು ರದ್ದಾಗುವುದುಂಟು.

ಕಾರಿನಲ್ಲಿ ಹೋಗುವವರು ಇದನ್ನು ತಪ್ಪದೆ ಗಮನಿಸಬೇಕು: ಕುಡಿದು ವಾಹನ ಓಡಿಸುವ ವಿಷಯದಲ್ಲಿ ಸ್ಕಾಟ್ಲೆಂಡಿನ ಕಾನೂನು ಇಂಗ್ಲೆಂಡಿನದಕ್ಕಿಂತ ಬಿಗಿಯಾಗಿದೆ. 2014ರ ಡಿಸೆಂಬರಿನಿಂದ ಅಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವೇ ಗರಿಷ್ಠ ಮಿತಿ. ಇಂಗ್ಲೆಂಡಿನಲ್ಲಿ ಅದು 80. ಶೇಕಡ 60ರ ಆಸುಪಾಸಿನಷ್ಟು ಮದ್ಯಸಾರವಿರುವ ವಿಸ್ಕಿಯ ವಿಚಾರದಲ್ಲಿ ‘ಒಂದೇ ಗುಟುಕು’ ಎಂಬ ಲೆಕ್ಕ ಹಾಕಲೇಬಾರದು, ಮತ್ತು ಹಿಂದಿನ ರಾತ್ರಿ ಕುಡಿದದ್ದು ಮರುದಿನ ಬೆಳಗಿನ ಪರೀಕ್ಷೆಯಲ್ಲಿಯೂ ಕಾಣಿಸಬಹುದು. ಓಡಿಸುವವರು ತಮ್ಮ ಪಾಲಿನ ವಿಸ್ಕಿಯನ್ನು ಚಿಕ್ಕ ಶೀಶೆಯಲ್ಲಿ ಹಾಕಿಸಿಕೊಂಡು ಕೋಣೆಗೆ ಹೋದ ಮೇಲೆ ಸವಿಯುವ ಪದ್ಧತಿ ಸ್ಕಾಟ್ಲೆಂಡಿನ ಡಿಸ್ಟಿಲರಿಗಳಲ್ಲಿ ರೂಢಿಯಲ್ಲಿದೆ. ಕೇಳಲು ಸಂಕೋಚ ಬೇಡ. ಭಾವನವರು ಹಾಗೆಯೇ ಮಾಡಿದರು.

ಊರಿನ ಇತಿಹಾಸವನ್ನು ಸ್ವಲ್ಪವಾದರೂ ತಿಳಿದು ಹೋದರೆ ಬೀದಿಗಳಲ್ಲಿ ನಡೆಯುವುದಕ್ಕೇ ಒಂದು ಅರ್ಥ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಚಿಕ್ಕ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಡಿಸ್ಟಿಲರಿಗಳು ನಡೆದುಹೋಗಿವೆ. ಹತ್ತಿರದ ಡ್ರಮ್‌ಲೆಂಬಲ್ ಗಣಿಯ ಕಲ್ಲಿದ್ದಲು, ಕ್ರಾಸ್‌ಹಿಲ್ ಸರೋವರದ ನೀರು, ಸುತ್ತಲಿನ ಬಾರ್ಲಿ, ಗ್ಲಾಸ್ಗೋಗೆ ನೇರವಾಗಿ ಹಡಗು ಹೋಗುವ ಬಂದರು ಎಲ್ಲವೂ ಒಂದೇ ಕಡೆ ಕೂಡಿದ್ದರಿಂದ ಅದು ಸಾಧ್ಯವಾಯಿತು. ಬೇಡಿಕೆ ಹೆಚ್ಚಿದಾಗ ಅವಸರದಲ್ಲಿ ಬಟ್ಟಿ ಇಳಿಸಿ ಗುಣಮಟ್ಟವನ್ನು ಕೆಡಿಸಿಕೊಂಡದ್ದು, ಮಿಶ್ರ ವಿಸ್ಕಿ ತಯಾರಕರು ಇಲ್ಲಿಯ ದಟ್ಟ, ಎಣ್ಣೆಯಂಶದ ಮಾಲ್ಟನ್ನು ಬಿಟ್ಟು ಸ್ಪೇ ಕಣಿವೆಯ ಹಗುರ ಮಾಲ್ಟಿನ ಕಡೆಗೆ ತಿರುಗಿದ್ದು, 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಬಂದದ್ದು, 1923ರಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದ್ದು ಒಂದರ ಮೇಲೊಂದು ಪೆಟ್ಟಾಗಿ, 1930ರ ದಶಕದ ನಡುವಿನ ಹೊತ್ತಿಗೆ ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಶಿಯಾ ಎಂಬ ಎರಡು ಮಾತ್ರ ಉಳಿದವು. ಇಂದು ಊರಿನಲ್ಲಿ ನಡೆಯುವಾಗ ಎಷ್ಟೋ ಕಡೆ ವಸತಿ ಕಟ್ಟಡವಾಗಿಯೋ ಅಂಗಡಿಯಾಗಿಯೋ ಮಾರ್ಪಟ್ಟಿರುವ ಹಳೆಯ ಡಿಸ್ಟಿಲರಿಗಳ ಗೋಡೆಗಳನ್ನು ಗುರುತಿಸಬಹುದು.

ಗ್ಲೆನ್‌ಗೈಲನ್ನು 1872ರಲ್ಲಿ ಕಟ್ಟಿದವರು ವಿಲಿಯಂ ಮಿಚೆಲ್. ಸ್ಪ್ರಿಂಗ್‌ಬ್ಯಾಂಕ್ ನಡೆಸುತ್ತಿದ್ದ ಸಹೋದರನೊಂದಿಗೆ ಮನಸ್ತಾಪವಾಗಿ ಬೇರೆಯಾದ ಮೇಲೆ ಅವರು ಇದನ್ನು ಕಟ್ಟಿದರು, ಜಗಳಕ್ಕೆ ಕಾರಣ ಕುರಿಗಳು ಎಂದು ಊರಿನಲ್ಲಿ ಹೇಳುತ್ತಾರೆ. ಕುಟುಂಬದ ಕೈ ತಪ್ಪಿದ ಡಿಸ್ಟಿಲರಿ 1925ರಲ್ಲಿ ಮುಚ್ಚಿತು. ಮುಂದೆ ಆ ಕಟ್ಟಡ ಬಂದೂಕು ಗುರಿಕಾರರ ಕ್ಲಬ್ಬಿಗೂ, ರೈತರ ಸರಕು ದಾಸ್ತಾನಿಗೂ ಬಳಕೆಯಾಯಿತು. ಕಟ್ಟಡ ಬಳಕೆಯಲ್ಲಿದ್ದದ್ದರಿಂದಲೇ ಅದು ಕುಸಿಯದೆ ಉಳಿಯಿತು ಎಂಬುದನ್ನು ನೆನೆದರೆ ಆ ಗುರಿಕಾರರಿಗೂ ರೈತರಿಗೂ ನಾವು ಋಣಿಗಳಾಗಿರಬೇಕು. 2000ದಲ್ಲಿ ಅದನ್ನು ಕೊಂಡವರು ಅದೇ ಮಿಚೆಲ್ ವಂಶದ, ಸ್ಪ್ರಿಂಗ್‌ಬ್ಯಾಂಕಿನ ಒಡೆಯರಾಗಿದ್ದ ಹೆಡ್ಲಿ ರೈಟ್. ಎರಡೇ ಡಿಸ್ಟಿಲರಿಗಳಿರುವ ಕ್ಯಾಂಪ್‌ಬೆಲ್‌ಟೌನನ್ನು ಪ್ರತ್ಯೇಕ ವಿಸ್ಕಿ ಪ್ರದೇಶವೆಂದು ಕರೆಯಬೇಕೇ ಎಂಬ ಪ್ರಶ್ನೆ ಎದ್ದಿದ್ದ ಕಾಲವದು. ಮೂರನೆಯದೊಂದು ಇದ್ದರೆ ಆ ಪ್ರಶ್ನೆಯೇ ಏಳದು ಎಂಬುದು ಅವರ ಆಲೋಚನೆಯಾಗಿತ್ತೆಂದು ಹೇಳುತ್ತಾರೆ. 2004ರಲ್ಲಿ ಬಟ್ಟಿ ಇಳಿಸುವ ಕೆಲಸ ಮತ್ತೆ ಆರಂಭವಾಯಿತು. ಗ್ಲೆನ್‌ಗೈಲ್ ಎಂಬ ಹೆಸರು ಆಗಲೇ ಬೇರೊಂದು ಕಂಪನಿಯ ಮಿಶ್ರ ಮಾಲ್ಟಿಗೆ ನೋಂದಣಿಯಾಗಿದ್ದರಿಂದ ಇಲ್ಲಿಯ ವಿಸ್ಕಿಗೆ ಕಿಲ್‌ಕೆರನ್ ಎಂಬ ಹೆಸರಿಟ್ಟರು. ಅಂಗಡಿಯಲ್ಲಿ ಗ್ಲೆನ್‌ಗೈಲ್ ಎಂದು ಹುಡುಕಿದರೆ ನಿಮಗೆ ಬೇಕಾದದ್ದು ಸಿಗುವುದಿಲ್ಲ. ಹೆಡ್ಲಿ ರೈಟ್ 2023ರಲ್ಲಿ ತೀರಿಕೊಂಡರು.

ಭೇಟಿಯನ್ನು ಕಾಯ್ದಿರಿಸುವ ವಿಷಯಕ್ಕೆ ಬರುತ್ತೇನೆ. ಸ್ಪ್ರಿಂಗ್‌ಬ್ಯಾಂಕ್, ಗ್ಲೆನ್‌ಗೈಲ್ ಎರಡೂ ಒಂದೇ ಸಂಸ್ಥೆಯವಾದ್ದರಿಂದ ಸ್ಪ್ರಿಂಗ್‌ಬ್ಯಾಂಕ್‌ನವರ ಜಾಲತಾಣದಲ್ಲೇ ಗ್ಲೆನ್‌ಗೈಲ್ ಭೇಟಿಯೂ ಸಿಗುತ್ತದೆ. ಬೇಸಿಗೆಯ ತಿಂಗಳುಗಳಿಗಾದರೆ ಹಲವು ತಿಂಗಳು ಮುಂಚೆಯೇ ಕಾಯ್ದಿರಿಸಬೇಕು. ವಿಮಾನದ ಟಿಕೆಟ್ಟಿಗಿಂತ ಮೊದಲು ಇದನ್ನು ಖಚಿತಪಡಿಸಿಕೊಳ್ಳುವುದೇ ಸರಿಯಾದ ಕ್ರಮ. ಮೇ ತಿಂಗಳಲ್ಲಿ ನಡೆಯುವ ಮಾಲ್ಟ್ ಉತ್ಸವದ ದಿನಗಳಲ್ಲಿ ಊರಿನ ಕೋಣೆಗಳೆಲ್ಲ ತುಂಬಿರುತ್ತವೆ. ಉತ್ಸವದ ಗದ್ದಲವನ್ನು ಇಷ್ಟಪಡುವವರಿಗೆ ಅದು ಸುಸಮಯ. ನನ್ನಂತೆ ನಿಧಾನವಾಗಿ ನೋಡಿ, ಕೇಳಿ, ಸವಿಯಬೇಕೆನ್ನುವವರು ಉತ್ಸವ ಕಳೆದ ಮೇಲೆ ಹೋಗುವುದು ಒಳ್ಳೆಯದು. ಗ್ಲೆನ್‌ಗೈಲ್ ವರ್ಷವಿಡೀ ನಡೆಯುವ ಡಿಸ್ಟಿಲರಿಯಲ್ಲ. ಸ್ಪ್ರಿಂಗ್‌ಬ್ಯಾಂಕಿನ ಕೆಲಸಗಾರರೇ ಅಲ್ಲಿಯೂ ದುಡಿಯುವುದರಿಂದ ವರ್ಷದ ಕೆಲವೇ ತಿಂಗಳು ಅಲ್ಲಿ ಬಟ್ಟಿ ಇಳಿಸುತ್ತಾರೆ. ಆದ್ದರಿಂದ ಕಾಯ್ದಿರಿಸುವಾಗಲೇ ನೀವು ಬರುವ ವಾರ ಹಂಡೆಗಳು ಕಾಯುತ್ತಿರುತ್ತವೆಯೇ ಎಂದು ಪತ್ರ ಬರೆದು ಕೇಳಿ. ನಿಂತ ಡಿಸ್ಟಿಲರಿಯನ್ನು ನೋಡುವುದಕ್ಕೂ ನಡೆಯುತ್ತಿರುವುದನ್ನು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ವಿಸ್ಕಿ ಸವಿಯಲು 18 ವರ್ಷ ತುಂಬಿರಬೇಕು. ಎಳೆಯರಂತೆ ಕಾಣುವವರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಮೊದಲು ಸ್ಪ್ರಿಂಗ್‌ಬ್ಯಾಂಕನ್ನು, ಆಮೇಲೆ ಗ್ಲೆನ್‌ಗೈಲನ್ನು ನೋಡಿ. ಈ ಕ್ರಮಕ್ಕೆ ಕಾರಣವಿದೆ. 1828ರಲ್ಲಿ ಆರಂಭವಾದ ಸ್ಪ್ರಿಂಗ್‌ಬ್ಯಾಂಕ್ ತನಗೆ ಬೇಕಾದ ಬಾರ್ಲಿಯನ್ನೆಲ್ಲ ತನ್ನದೇ ಕಲ್ಲುನೆಲದ ಮೇಲೆ ಹರಡಿ ಮೊಳಕೆ ಬರಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ಇಂದು ಇಷ್ಟು ಪೂರ್ತಿಯಾಗಿ ಹಾಗೆ ಮಾಡುವ ಡಿಸ್ಟಿಲರಿ ತೀರ ಅಪರೂಪ. ಕಿಲ್‌ಕೆರನ್‌ಗೂ ಮಾಲ್ಟ್ ಇಲ್ಲಿಂದಲೇ ಹೋಗುತ್ತದೆ. ಮೊಳಕೆಯೊಡೆದ ಬಾರ್ಲಿ ಇನ್ನೂ ಹಸಿಯಾಗಿರುವಾಗಲೇ ಅದರ ಕೆಳಗೆ ಪೀಟ್ ಉರಿಸಿ ಹೊಗೆ ಹಿಡಿಸಬೇಕು, ಏಕೆಂದರೆ ಹೊಗೆಯಲ್ಲಿರುವ ಫೀನಾಲುಗಳು ತೇವವಿರುವ ಸಿಪ್ಪೆಗೆ ಅಂಟುವಷ್ಟು ಚೆನ್ನಾಗಿ ಒಣಗಿದ ಸಿಪ್ಪೆಗೆ ಅಂಟುವುದಿಲ್ಲ. ಸ್ಪ್ರಿಂಗ್‌ಬ್ಯಾಂಕ್ ವಿಸ್ಕಿಯ ಮಾಲ್ಟಿಗೆ ಸುಮಾರು ಆರು ಗಂಟೆ ಹೊಗೆ ಹಿಡಿಸಿ ಉಳಿದದ್ದನ್ನು ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಅಲ್ಲಿಯೇ ತಯಾರಾಗುವ ಲಾಂಗ್‌ರೋ ವಿಸ್ಕಿಗೆ ಎರಡು ದಿನದವರೆಗೂ ಹೊಗೆಯೇ. ಪೀಟ್ ಎಂದರೆ ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಒತ್ತಿಕೊಂಡ ಸಸ್ಯರಾಶಿ. ಅದರ ಒಂದು ಒಣ ತುಂಡನ್ನು ಕೈಗೆ ಕೊಟ್ಟರೆ ಮುರಿದು ನೋಡಿ, ಒಳಗೆ ಬೇರಿನ ನಾರುಗಳು ಇನ್ನೂ ಹಾಗೆಯೇ ಕಾಣುತ್ತವೆ. ತೂಕ ಎಷ್ಟು ಕಡಿಮೆಯೆಂದರೆ ಕೈಯಲ್ಲಿರುವುದೇ ಗೊತ್ತಾಗುವುದಿಲ್ಲ, ಮತ್ತು ಉರಿಸದ ಹೊರತು ಅದಕ್ಕೆ ಹೊಗೆಯ ವಾಸನೆಯೂ ಇಲ್ಲ.

ಗ್ಲೆನ್‌ಗೈಲ್ ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಒಳಗೆ ಹೋದರೆ ಮಾಲ್ಟ್ ಅರೆಯುವ ಗಿರಣಿಯಿಂದ ಹಿಡಿದು ಬಟ್ಟಿ ಇಳಿಸುವ ಹಂಡೆಗಳವರೆಗೆ ಕೆಲಸದ ಎಲ್ಲ ಹಂತಗಳೂ ಒಂದಕ್ಕೊಂದು ಹತ್ತಿರದಲ್ಲೇ ಸಾಲಾಗಿವೆ, ಹಾಗಾಗಿ ವಿಸ್ಕಿ ತಯಾರಿಯ ಕ್ರಮವನ್ನು ಮೊದಲ ಬಾರಿಗೆ ತಿಳಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದೇ ನನ್ನ ಅಭಿಪ್ರಾಯ. ಗಿರಣಿ ಕ್ರೇಗೆಲಾಕಿ ಡಿಸ್ಟಿಲರಿಯಿಂದ ಬಂದದ್ದು. ಹುಳಿ ಬರಿಸುವ ನಾಲ್ಕು ಮರದ ತೊಟ್ಟಿಗಳಿವೆ. ತಾಮ್ರದ ಎರಡು ಹಂಡೆಗಳ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಿ. ಇನ್‌ವರ್ಗಾರ್ಡನ್‌ನಲ್ಲಿ 1965ರಿಂದ 1977ರವರೆಗೆ ಮಾತ್ರ ನಡೆದು ನಿಂತುಹೋದ ಬೆನ್ ವಿವಿಸ್ ಎಂಬ ಡಿಸ್ಟಿಲರಿಯ ಹಂಡೆಗಳು ಅವು. ಮುಚ್ಚಿದ ಒಂದು ಡಿಸ್ಟಿಲರಿಗೆ ಜೀವ ಬಂದದ್ದು ಮುಚ್ಚಿದ ಮತ್ತೊಂದು ಡಿಸ್ಟಿಲರಿಯ ತಾಮ್ರದಿಂದ! ತಂದವುಗಳನ್ನು ಹಾಗೆಯೇ ಕೂರಿಸಲಿಲ್ಲ. ಭುಜದ ಚೂಪನ್ನು ದುಂಡಗೆ ಮಾಡಿ, ಆವಿಯನ್ನು ಒಯ್ಯುವ ಮೇಲಿನ ಕೊಳವೆಯನ್ನು ತುಸು ಮೇಲ್ಮುಖವಾಗಿ ತಿರುಗಿಸಿದ್ದಾರೆ. ಹಾಗೆ ಮಾಡಿದಾಗ ಭಾರವಾದ ಆವಿ ದಾಟಿಹೋಗದೆ ಹಂಡೆಗೇ ಮರಳಿ ಬಿದ್ದು ಮತ್ತೆ ಕಾಯುತ್ತದೆ, ಇಳಿಯುವ ಮದ್ಯ ಹಗುರವಾಗುತ್ತದೆ. ದಟ್ಟ ಹೊಗೆಯಿದ್ದರೂ ಕಿಲ್‌ಕೆರನ್ ನಾಲಿಗೆಯ ಮೇಲೆ ಜಿಡ್ಡುಗಟ್ಟಿ ಕೂರದೆ ಹಣ್ಣಿನ ತಿಳಿಯನ್ನು ಉಳಿಸಿಕೊಳ್ಳುವುದಕ್ಕೆ ಈ ಕೊಳವೆಯ ಓರೆಯೂ ಒಂದು ಕಾರಣ.

ಈಗ ಆ ವಿಸ್ಕಿಯ ಮಾತು. ಸಾಮಾನ್ಯ ಕಿಲ್‌ಕೆರನ್‌ಗೆ ಹಗುರವಾಗಿ ಹೊಗೆ ಹಿಡಿಸಿದ ಮಾಲ್ಟ್ ಬಳಸುತ್ತಾರೆ. ಅದರ 12 ವರ್ಷದ ವಿಸ್ಕಿ 2016ರಲ್ಲಿ ಬಂತು. ಅದಕ್ಕೂ ಮುಂಚೆ, 2009ರಿಂದ, ‘ವರ್ಕ್ ಇನ್ ಪ್ರೋಗ್ರೆಸ್’ ಎಂಬ ಹೆಸರಿನಲ್ಲಿ ವರ್ಷಕ್ಕೊಮ್ಮೆ ಎಳೆಯ ವಿಸ್ಕಿಯನ್ನು ಹೊರತಂದು, ಅದು ಬೆಳೆಯುತ್ತಿರುವ ಬಗೆಯನ್ನು ಕುಡಿಯುವವರ ಮುಂದೆ ತೆರೆದಿಟ್ಟಿದ್ದರು. ಅದೇ ಜಾಡಿನಲ್ಲಿ ‘ಪೀಟ್ ಇನ್ ಪ್ರೋಗ್ರೆಸ್’ ಎಂಬ ಅಡಿಬರಹದೊಂದಿಗೆ ಬಂದದ್ದು ಈ ಹೆವಿಲಿ ಪೀಟೆಡ್. ಇದರ ಮಾಲ್ಟಿನಲ್ಲಿ ಫೀನಾಲಿನ ಪ್ರಮಾಣ ಹತ್ತು ಲಕ್ಷಕ್ಕೆ 84 ಅಂಶ. ಹೊಗೆಗೆ ಹೆಸರಾದ ಐಲಾ ದ್ವೀಪದ ಆರ್ಡ್‌ಬೆಗ್‌ನ ಮಾಲ್ಟಿನಲ್ಲಿ ಅದು ಸುಮಾರು 55. ಸಂಖ್ಯೆಯನ್ನು ನೋಡಿ ಹೆದರಬೇಕಾಗಿಲ್ಲ. ಅದು ಮಾಲ್ಟಿನಲ್ಲಿ ಅಳೆದದ್ದು. ಕಾಳಿನ ಸಿಪ್ಪೆಯೊಡನೆ ಒಂದಷ್ಟು ಹೊರಗೆ ಹೋಗುತ್ತದೆ, ಬಟ್ಟಿಯಲ್ಲಿ ಇನ್ನೊಂದಷ್ಟು. ಫೀನಾಲುಗಳು ಬಟ್ಟಿಯ ಕೊನೆಯ ಭಾಗದಲ್ಲಿ ಹೆಚ್ಚಾಗಿ ಇಳಿಯುವುದರಿಂದ, ಎಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಬೇರೆ ಮಾಡಬೇಕೆಂಬ ಬಟ್ಟಿಗಾರನ ತೀರ್ಮಾನವೇ ಬಾಟಲಿನ ಹೊಗೆಯನ್ನು ನಿರ್ಧರಿಸುತ್ತದೆ. ಪೀಪಾಯಿಯಲ್ಲಿ ವರ್ಷಗಳು ಕಳೆದಂತೆ ಅದು ಇನ್ನಷ್ಟು ತಗ್ಗುತ್ತದೆ. ಹೊಗೆವಿಸ್ಕಿಯನ್ನು ಎಳೆಯದಾಗಿರುವಾಗಲೇ ಸವಿಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ವಯಸ್ಸಿನ ಸಂಖ್ಯೆ ದೊಡ್ಡದಾದಷ್ಟೂ ವಿಸ್ಕಿ ಶ್ರೇಷ್ಠ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸ್ಕಾಚ್ ಎನಿಸಿಕೊಳ್ಳಲು ಕಾನೂನಿನ ಪ್ರಕಾರ ಬೇಕಾದದ್ದು ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ. ಅದರಾಚೆಗೆ ಎಷ್ಟು ಕಾಯಬೇಕೆಂಬುದು ಆ ವಿಸ್ಕಿಯಿಂದ ನಾವು ಏನನ್ನು ಬಯಸುತ್ತೇವೆ ಎಂಬುದರ ಮೇಲೆ ನಿಂತಿದೆ. ಹೊಗೆಯ ಉರುಪನ್ನೂ ಬಾರ್ಲಿಯ ರುಚಿಯನ್ನೂ ಬಯಸುವವರಿಗೆ ಎಳವೆಯೇ ಅದರ ಸರಿಯಾದ ಪ್ರಾಯ.

ಸವಿಯುವಾಗ ಅವಸರ ಮಾಡಬೇಡಿ. ಶೇಕಡ 60ರ ಆಸುಪಾಸಿನ ಈ ವಿಸ್ಕಿಯನ್ನು ಮೂಗಿಗೆ ಒತ್ತಿ ಹಿಡಿದರೆ ಮದ್ಯಸಾರದ ಕಟುವೊಂದೇ ತಿಳಿಯುತ್ತದೆ. ಲೋಟವನ್ನು ಗಲ್ಲದ ಮಟ್ಟದಲ್ಲಿ ಹಿಡಿದು ಬಾಯಿಯನ್ನು ತುಸು ತೆರೆದು ಉಸಿರೆಳೆಯಿರಿ. ನನಗೆ ಮೊದಲು ಬಂದದ್ದು ನಿಂಬೆಯ ಸಿಪ್ಪೆ, ಆಮೇಲೆ ಒದ್ದೆ ಉಣ್ಣೆಯ ವಾಸನೆ, ಅದರ ಹಿಂದೆ ತಣ್ಣಗಾದ ಬೂದಿ. ನೀರು ಹಾಕದೆ ಕುಡಿದ ಗುಟುಕಿನಲ್ಲಿ ಉಪ್ಪು ಮತ್ತು ಕಾರ ಮುಂದಿದ್ದು, ಬಾರ್ಲಿಯ ಸಿಹಿ ಬಹಳ ತಡವಾಗಿ ಬಂತು. ಚಮಚದ ತುದಿಯಿಂದ ಕೆಲವು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕ್ರಮವೇ ಬದಲಾಗುತ್ತದೆ: ಸಿಹಿ ಮುಂದೆ ಬರುತ್ತದೆ, ಪೇರ್ ಹಣ್ಣಿನ ಪರಿಮಳ ತೆರೆದುಕೊಳ್ಳುತ್ತದೆ, ಹೊಗೆ ನಾಲಿಗೆಯ ಹಿಂಬದಿಗೆ ಸರಿದು ಬಹಳ ಹೊತ್ತು ನಿಲ್ಲುತ್ತದೆ. ಐಲಾದ ವಿಸ್ಕಿಗಳಲ್ಲಿ ಸಿಗುವ ಔಷಧಿಯ, ಅಯೋಡಿನ್ನಿನ ವಾಸನೆ ಇದರಲ್ಲಿ ಕಡಿಮೆ; ಇದರ ಹೊಗೆ ಮಣ್ಣಿಗೆ ಹತ್ತಿರ. ಅಮೃತ್ ಪೀಟೆಡ್‌ನಲ್ಲಿ ಹೊಗೆಯನ್ನು ಸುತ್ತಿಕೊಂಡಿರುವ ಓಕಿನ ದಪ್ಪ ಸಿಹಿ ಇಲ್ಲಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ನಾನು ಹೇಳಲಾರೆ, ಆದರೆ ಕಾಳಿನ ಮತ್ತು ಹೊಗೆಯ ರುಚಿಯನ್ನು ಮರದ ಮುಸುಕಿಲ್ಲದೆ ತಿಳಿಯಬೇಕೆನ್ನುವವರಿಗೆ ಕಿಲ್‌ಕೆರನ್ನನ್ನೇ ತೋರಿಸುತ್ತೇನೆ. ಒಂದೇ ದಿನ ಹಲವು ವಿಸ್ಕಿಗಳನ್ನು ಸವಿಯುವುದಾದರೆ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಇದರ ನಂತರ ಸ್ಪ್ರಿಂಗ್‌ಬ್ಯಾಂಕಿನವರದೇ ಹೊಗೆಯಿಲ್ಲದ ಹೇಝಲ್‌ಬರ್ನ್ ವಿಸ್ಕಿ ಕುಡಿದರೆ ಅದು ಬರಿಯ ನೀರೆನಿಸಿಬಿಡುತ್ತದೆ, ಅದು ಆ ಒಳ್ಳೆಯ ವಿಸ್ಕಿಗೆ ಮಾಡುವ ಅನ್ಯಾಯ.

ಕೊಳ್ಳುವ ವಿಚಾರದಲ್ಲಿ ಕೆಲವು ಮಾತು. ಹೆವಿಲಿ ಪೀಟೆಡ್ ತಂಡ ತಂಡವಾಗಿ (ಬ್ಯಾಚುಗಳಲ್ಲಿ) ಬರುತ್ತದೆ, ಬಾಟಲಿನ ಮೇಲೆ ತಂಡದ ಸಂಖ್ಯೆಯಿರುತ್ತದೆ, ಪೀಪಾಯಿಗಳ ಮಿಶ್ರಣವೂ ಮದ್ಯಸಾರದ ಪ್ರಮಾಣವೂ ತಂಡದಿಂದ ತಂಡಕ್ಕೆ ಬೇರೆ. ಆದ್ದರಿಂದ ಎಲ್ಲೋ ಓದಿದ ವಿಮರ್ಶೆ ನಿಮ್ಮ ಕೈಯಲ್ಲಿರುವ ಬಾಟಲಿಗೆ ಅನ್ವಯಿಸುತ್ತದೆಯೇ ಎಂದು ಸಂಖ್ಯೆ ನೋಡಿ ತಿಳಿದುಕೊಳ್ಳಿ. ಸ್ಪ್ರಿಂಗ್‌ಬ್ಯಾಂಕ್ ಅಂಗಡಿಯಲ್ಲಿ ‘ಕೇಜ್’ ಎಂದು ಕರೆಯುವ ಜಾಲರಿಯ ಕಪಾಟೊಂದಿದೆ. ಬೇರೆಲ್ಲೂ ಸಿಗದ, ಕೈಬರಹದ ಚೀಟಿಯ ಒಂಟಿ ಬಾಟಲಿಗಳನ್ನು ಅದರಲ್ಲಿಡುತ್ತಾರೆ. ಅದಕ್ಕಾಗಿ ಬಾಗಿಲು ತೆರೆಯುವ ಮೊದಲೇ ಜನ ಸಾಲು ನಿಲ್ಲುವುದುಂಟು, ಒಬ್ಬರಿಗೆ ಇಷ್ಟೇ ಎಂಬ ಮಿತಿಯೂ ಇರುತ್ತದೆ. 1842ರಲ್ಲಿ ಆರಂಭವಾದ ಕ್ಯಾಡೆನ್‌ಹೆಡ್ ಕಂಪನಿಯ ಅಂಗಡಿಯೂ ಅದೇ ಸಂಸ್ಥೆಯದು, ಅದನ್ನೂ ನೋಡಿ. ಅಂಗಡಿಗಳು ಯಾವ ದಿನ ತೆರೆದಿರುತ್ತವೆ ಎಂಬುದನ್ನು ಮುಂಚೆಯೇ ವಿಚಾರಿಸಿ; ಭಾನುವಾರವನ್ನು ನೆಚ್ಚಿಕೊಳ್ಳಬೇಡಿ. ಹರಾಜಿನ ಜಾಲತಾಣಗಳಲ್ಲಿ ಇದೇ ವಿಸ್ಕಿಯನ್ನು ಏರಿಸಿದ ಬೆಲೆಗೆ ಮಾರುವವರಿದ್ದಾರೆ. ಕುಡಿಯಲೆಂದು ನ್ಯಾಯವಾದ ಬೆಲೆಗೆ ಮಾಡಿದ ಪದಾರ್ಥ ಇದು. ಅಂಥ ಬೆಲೆ ಕೊಟ್ಟು ಅದನ್ನು ಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಊರಿಗೆ ತರುವಾಗ ಎರಡು ಬೇರೆ ಬೇರೆ ನಿಯಮಗಳು ಅನ್ವಯಿಸುತ್ತವೆ. ವಿಮಾನದ ಸುರಕ್ಷತೆಯ ನಿಯಮದಂತೆ ಶೇಕಡ 24ರಿಂದ 70ರವರೆಗಿನ ಮದ್ಯವನ್ನು ಒಬ್ಬರು ಐದು ಲೀಟರಿನವರೆಗೆ, ತೆರೆಯದ ಬಾಟಲಿನಲ್ಲಿ, ಒಯ್ಯಬಹುದು. ಭಾರತದ ಸುಂಕದ ನಿಯಮದಂತೆ ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್ ಮಾತ್ರ. ಎಂದರೆ 700 ಮಿಲಿಲೀಟರಿನ ಎರಡು ಬಾಟಲಿ ನೆಮ್ಮದಿಯಾಗಿ ಬರುತ್ತವೆ, ಮೂರನೆಯದು ಮಿತಿಯನ್ನು ನೂರು ಮಿಲಿಲೀಟರ್ ಮೀರುತ್ತದೆ. ಕ್ಯಾಂಪ್‌ಬೆಲ್‌ಟೌನಿನಲ್ಲಿ ಕೊಂಡ ಬಾಟಲಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲೇ ಇಡಬೇಕು. ಸ್ವೆಟರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಪೆಟ್ಟಿಗೆಯ ನಡುಭಾಗದಲ್ಲಿ ಇಟ್ಟರೆ ಸಾಕಾಗುತ್ತದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬಾರದು. ಸೂಪು, ಬ್ರೆಡ್ಡು, ಚೀಸು, ಆಲೂಗಡ್ಡೆ ಸಿಗುತ್ತವೆ, ಸೂಪರ್‌ಮಾರ್ಕೆಟ್ಟೂ ಇದೆ. ಅಡುಗೆಕೋಣೆಯಿರುವ ವಸತಿಯನ್ನು ಹಿಡಿದು, ಅವಲಕ್ಕಿಯನ್ನೋ ಉಪ್ಪಿಟ್ಟಿನ ರವೆಯನ್ನೋ ಜೊತೆಗೊಯ್ದರೆ ಬೆಳಗಿನ ಚಿಂತೆ ಕಳೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಈ ವಿಸ್ಕಿಯನ್ನು ಸವಿಯುವುದಂತೂ ಸಲ್ಲದು. ಬೇಸಿಗೆಯಲ್ಲೂ ಗಾಳಿ ಚಳಿಯಾಗಿರುತ್ತದೆ, ಮಳೆಯಂಗಿ ಸದಾ ಕೈಯಲ್ಲಿರಲಿ. ಕುಡಿಯದವರು ಜೊತೆಯಲ್ಲಿದ್ದರೆ ಅವರಿಗೂ ಒಂದು ದಿನ ಕಳೆಯಲು ಬೇಕಾದಷ್ಟಿದೆ: 1913ರಲ್ಲಿ ಕಟ್ಟಿದ, ಇಂದಿಗೂ ನಡೆಯುತ್ತಿರುವ ಚಿತ್ರಮಂದಿರ, ಮ್ಯಾಕ್ರಿಹಾನಿಶ್‌ನ ಉದ್ದನೆಯ ಮರಳತೀರ, ಇಳಿತದ ಹೊತ್ತಿನಲ್ಲಿ ಕಲ್ಲುದಂಡೆಯ ಮೇಲೆ ನಡೆದುಹೋಗಬಹುದಾದ ಡವಾರ್ ದ್ವೀಪ. ಆ ದ್ವೀಪಕ್ಕೆ ಹೊರಡುವ ಮುನ್ನ ಸ್ಥಳೀಯರಲ್ಲಿ ಭರತ ಇಳಿತದ ವೇಳೆಯನ್ನು ಕೇಳಲೇಬೇಕು. ನೀರು ಏರಿತೆಂದರೆ ಗಂಟೆಗಟ್ಟಲೆ ಅಲ್ಲೇ ಉಳಿಯಬೇಕಾಗುತ್ತದೆ.

ಇನ್ನೂ ಮೂರ್ನಾಲ್ಕು ದಿನ ಕೈಯಲ್ಲಿರುವವರು ಮರಳುವ ದಾರಿಯಲ್ಲಿ ಟಾರ್ಬರ್ಟ್‌ಗಿಂತ ಮೊದಲು ಸಿಗುವ ಕೆನ್ನಕ್ರೇಗ್ ಧಕ್ಕೆಯಿಂದ ಐಲಾಕ್ಕೆ ಹಡಗು ಹಿಡಿಯಬಹುದು. 1994ರಲ್ಲಿ ನಿಂತು 2001ರಲ್ಲಿ ಮತ್ತೆ ಆರಂಭವಾದ ಬ್ರೂಕ್‌ಲಾಡಿ, 1983ರಲ್ಲಿ ಮುಚ್ಚಿ 2024ರಲ್ಲಿ ತೆರೆದ ಪೋರ್ಟ್ ಎಲನ್ ಎರಡೂ ಡಿಸ್ಟಿಲರಿಗಳು ಅಲ್ಲಿವೆ. ಬ್ರೂಕ್‌ಲಾಡಿಯವರ ಪೋರ್ಟ್ ಶಾರ್ಲಟ್ ಎಂಬ ಹೊಗೆವಿಸ್ಕಿಯನ್ನು ಕಿಲ್‌ಕೆರನ್‌ನ ಪಕ್ಕದಲ್ಲಿಟ್ಟು ಸವಿದರೆ ಎರಡು ಊರಿನ ಹೊಗೆಯ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಪೋರ್ಟ್ ಎಲನ್‌ನ ಹೊಸ ಬಟ್ಟಿಯ ಮದ್ಯಕ್ಕೆ ಮೂರು ವರ್ಷ ತುಂಬುವವರೆಗೆ ಅದನ್ನು ವಿಸ್ಕಿ ಎಂದು ಕರೆಯುವಂತಿಲ್ಲ. ಕಾರನ್ನು ಹಡಗಿನಲ್ಲಿ ಒಯ್ಯುವುದಾದರೆ ಆ ಜಾಗವನ್ನೂ ಡಿಸ್ಟಿಲರಿಯ ಭೇಟಿಯೊಂದಿಗೇ ಕಾಯ್ದಿರಿಸಿ, ಬೇಸಿಗೆಯಲ್ಲಿ ಕಾರಿನ ಸ್ಥಳಗಳು ಪ್ರಯಾಣಿಕರ ಸ್ಥಳಗಳಿಗಿಂತ ಮೊದಲೇ ಮುಗಿಯುತ್ತವೆ.